ಗಿಟಾರಿಗೇಕೆ ಮಡಿ?

ರಾಕ್ ಬ್ಯಾಂಡುಗಳು ಶಿಶುನಾಳದ ಶರೀಫರ ತತ್ವಪದ ಕೆಡಿಸಿದವು ಎಂಬ ಲೇಖನ ಓದಿದೆ. ಲೇಖಕರು ಒಮ್ಮೆ ನಮ್ಮ ಕರ್ಜಗಿ ಕಡೆ ಬಂದು ಭಜನಾ ಮೇಳದ ಎದುರು ಕೂರಲಿ. ದಮ್ಮಡಿ, ತಾಳಗಳ ನಡುವೆ, ಎಡಗೈಲಿ ತಿದಿ ಆಡಿಸುತ್ತ ಹಿರಿಯರೊಬ್ಬರು ನುಡಿಸುವುದು ಹಾರ್ಮೋನಿಯಂ. ಅದು ಹುಟ್ಟಿದ್ದು ಪ್ಯಾರಿಸ್‌ನಲ್ಲಿ, 1840ರ ದಶಕದಲ್ಲಿ. ಶರೀಫರಿಗೆ ಆಗ ಇಪ್ಪತ್ತರ ಹರೆಯ. ಆ ಪರದೇಶಿ ಪೆಟ್ಟಿಗೆ ನಮ್ಮದಾಯಿತು. ಶರೀಫರ ಪದಗಳನ್ನು ಬ್ಯಾಂಡಿನೊಂದಿಗೆ ಹಾಡುವ ರಘು ದೀಕ್ಷಿತರ ಗಿಟಾರು ಮಾತ್ರ ಮೈಲಿಗೆಯೇ?

ಲೇಖಕರು ‘ಮೂಲ ಧಾಟಿ’ ಎನ್ನುವುದು ಸಿ. ಅಶ್ವತ್ಥ್ ಹಾಡಿದ್ದನ್ನು. ಶರೀಫರು ತೀರಿದ್ದು 1889ರಲ್ಲಿ, ಅಶ್ವತ್ಥ್ ಹುಟ್ಟಿದ್ದು 1939ರಲ್ಲಿ. ಇದ್ಯಾವ ಮೂಲ, ಸ್ವಾಮಿ?

ಹಾಡು ವಾದ್ಯ ಬದಲಿಸುವುದು ಬೇರೆಡೆಯೂ ಆಗಿದೆ. ಅಮೆರಿಕದ ಮಿಸ್ಸಿಸ್ಸಿಪ್ಪಿಯ ಹತ್ತಿ ಹೊಲಗಳ ಬ್ಲೂಸ್ ಹಾಡು ಷಿಕಾಗೊಗೆ ಹೋಗಿ ಕರೆಂಟಿನ ಗಿಟಾರು ಹಿಡಿಯಿತು, ರಾಕ್‌ಗೆ ದಾರಿಯಾಯಿತು. ಹಾಡು ಕೆಡಲಿಲ್ಲ, ಕೆಟ್ಟದ್ದು ಲೆಕ್ಕಾಚಾರ. ಕರಿಯ ಗಾಯಕ ಆರ್ಥರ್ ಕ್ರೂಡಪ್ ಅವರ ಹಾಡನ್ನು 1954ರಲ್ಲಿ ಹಾಡಿ ಎಲ್ವಿಸ್ ಮೇಲೆ ಬಂದರು. ಕ್ರೂಡಪ್‌ಗೆ ಸಲ್ಲಬೇಕಾದ ರಾಯಧನ ಸರಿಯಾಗಿ ಸಲ್ಲಲಿಲ್ಲ.

ತಕರಾರು ತೆಗೆಯುವುದಾದರೆ ಇಲ್ಲಿ ತೆಗೆಯಿರಿ. ಊರೂರ ಮೇಳದವರ ಬಾಯಿಂದ ಧಾಟಿ ಎತ್ತಿಕೊಂಡವರು, ಕ್ಯಾಸೆಟ್ಟಿನವರಿರಲಿ ಬ್ಯಾಂಡಿನವರಿರಲಿ, ಆ ಮೇಳದವರ ಹೆಸರು ಹಾಕಿದರೇ? ಸಂಭಾವನೆ ಕೊಟ್ಟರೇ? ಅಷ್ಟುದ್ದದ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.