525 ಪಟ್ಟಿನ ಆಸೆಗೆ ಕ್ಯಾರೊಲ್ ಹಣ ಬೇಡ



ಕ್ರಿಸ್ಮಸ್ ಕ್ಯಾರೊಲ್‌ಗೆ ಮನೆಮನೆ ಸುತ್ತಿ ಕೂಡಿಸಿದ ಹಣದಲ್ಲಿ ನಾಲ್ಕು ಸಾವಿರ ರೂಪಾಯಿಯನ್ನು ನಮ್ಮ ಟೆಲಿಸ್ಕೋಪಿಗೆಂದು ಎತ್ತಿಟ್ಟಿದ್ದೇವೆ. ಅದನ್ನು ಹೇಗೆ ಖರ್ಚು ಮಾಡುವುದು ಎಂದು ತೀರ್ಮಾನಿಸಲು ಬರುವ ಭಾನುವಾರ ಪೂಜೆ ಮುಗಿದ ಮೇಲೆ ಸಭೆ ಇದೆ. ಆಗಲೇ ವಾಟ್ಸಾಪ್ ಗುಂಪಿನಲ್ಲಿ ಒಂದು ಕಿಟ್‌ನ ಚಿತ್ರ ಓಡಾಡುತ್ತಿದೆ. ಐದು ಐಪೀಸ್, ಒಂದು ಬಾರ್ಲೋ ಮಸೂರ, ಬಣ್ಣಬಣ್ಣದ ಫಿಲ್ಟರ್‌ಗಳು, ಹೊಳೆಯುವ ಪೆಟ್ಟಿಗೆ. ಹೆಬ್ಬೆರಳು ಎತ್ತಿದವರೇ ಹೆಚ್ಚು. ಶನಿವಾರ ರಾತ್ರಿ ಟೆಲಿಸ್ಕೋಪ್ ಹೊತ್ತು ಅಂಗಳಕ್ಕೆ ತರುವ ನಾವು ಬೇಡ ಎನ್ನುತ್ತಿದ್ದೇವೆ. ಯಾಕೆ ಬೇಡ ಎಂದು ಸಭೆಗೆ ಮೊದಲೇ ಬಾಯಿಬಿಟ್ಟು ಹೇಳುತ್ತೇವೆ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. ನಮ್ಮ ಹಿತೈಷಿಯೊಬ್ಬರು ಪ್ರೀತಿಯಿಂದ ಕೊಟ್ಟ ಟೆಲಿಸ್ಕೋಪಿನ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ 525 ಪಟ್ಟು ಎಂದು ಅಚ್ಚಾಗಿತ್ತು. ಮೊದಲ ರಾತ್ರಿ ಜ್ಞಾನೋಪದೇಶದ ಮಕ್ಕಳೆಲ್ಲ ಸಾಲು ನಿಂತರು. ನಾವು ಜಂಬದಿಂದ ಅತಿ ಚಿಕ್ಕ ಐಪೀಸ್ ಹಾಕಿ, ಅದರ ಕೆಳಗೆ ಬಾರ್ಲೋ ಸೇರಿಸಿ ಗುರುಗ್ರಹದ ಕಡೆ ತಿರುಗಿಸಿದೆವು. ಕಂಡದ್ದು ಗಂಜಿಯಂಥ ಒಂದು ಮಬ್ಬು. ಅದೂ ಕಣ್ಣು ಮಿಟುಕಿಸುವುದರಲ್ಲಿ ಓಡಿಹೋಗುತ್ತಿತ್ತು. ಕನ್ನಡಕ ಹಾಕಿದ ಆರನೇ ತರಗತಿಯ ಹುಡುಗನೊಬ್ಬ ಬಹಳ ಹೊತ್ತು ಇಣುಕಿ, "ಅಣ್ಣಾ, ನನ್ ಕಣ್ಣೇ ಸರಿಯಿಲ್ಲ ಅನ್ಸುತ್ತೆ" ಎಂದು ಹೇಳಿ ಸುಮ್ಮನೆ ಮನೆಗೆ ಹೋದ. ಆಮೇಲೆ ಎರಡು ತಿಂಗಳು ಬರಲಿಲ್ಲ. ಅವನ ಕಣ್ಣಿನಲ್ಲಿ ದೋಷವಿರಲಿಲ್ಲ. ದೋಷ ನಾವು ನಂಬಿದ ಆ ಅಂಕಿಯಲ್ಲಿತ್ತು.

ಆ ಅಂಕಿ ಎಲ್ಲಿಂದ ಬಂತು ನೋಡಿ. ಟೆಲಿಸ್ಕೋಪಿನ ಸಂಗಮ ದೂರವನ್ನು, ಅಂದರೆ ಫೋಕಲ್ ಲೆಂತನ್ನು, ಐಪೀಸಿನ ಸಂಗಮ ದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂದು ತಿಳಿಯುತ್ತದೆ. ನಮ್ಮದು 700 ಮಿಲಿಮೀಟರ್. 4 ಮಿ.ಮೀ. ಐಪೀಸಿನಿಂದ ಭಾಗಿಸಿದರೆ 175. ಅದಕ್ಕೆ ಮೂರು ಪಟ್ಟಿನ ಬಾರ್ಲೋ ಸೇರಿದರೆ 525. ಲೆಕ್ಕ ಸುಳ್ಳಲ್ಲ, ಆದರೆ ಆ ಲೆಕ್ಕದಿಂದ ಏನೂ ಕಾಣುವುದಿಲ್ಲ. ಕನ್ನಡಿಯ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟಿಗಿಂತ ಮೇಲೆ ಹೋದರೆ ಪ್ರಯೋಜನವಿಲ್ಲ ಎಂಬುದು ಆಕಾಶ ನೋಡುವವರ ಹಳೆಯ ಅಳತೆ. ನಮ್ಮ ಕನ್ನಡಿ 76 ಮಿ.ಮೀ. ಹಾಗಾಗಿ ಅದರ ಮಿತಿ 152.

ಕನ್ನಡಿ ಕೂಡಿಸುವ ಬೆಳಕು ಇರುವುದೇ ಅಷ್ಟು. 35 ಪಟ್ಟಿನಿಂದ 525ಕ್ಕೆ ಹೋದರೆ ಚಿತ್ರ ಹದಿನೈದು ಪಟ್ಟು ದೊಡ್ಡದಾಗುತ್ತದೆ, ಮಂಕಾಗುವುದು ಮಾತ್ರ 225 ಪಟ್ಟು. ಒಂದು ಸೌಟು ಸಾರಿಗೆ ಕೊಡದಷ್ಟು ನೀರು ಸುರಿದ ಹಾಗೆ. ಸಾಲದ್ದಕ್ಕೆ ಭೂಮಿ ತಿರುಗುತ್ತಲೇ ಇರುತ್ತದೆ. 525 ಪಟ್ಟಿನಲ್ಲಿ ಗ್ರಹ ಸುಮಾರು 20 ಸೆಕೆಂಡಿನೊಳಗೆ ಐಪೀಸಿನಿಂದ ಆಚೆ ಜಾರುತ್ತದೆ. 35 ಪಟ್ಟಿನಲ್ಲಿ ನಾಲ್ಕು ನಿಮಿಷ ಇರುತ್ತದೆ. ಹದಿನೈದು ಮಕ್ಕಳ ಸಾಲಿಗೆ ಯಾವುದು ಬೇಕು, ನೀವೇ ಹೇಳಿ.

"ದೊಡ್ಡದಾಗಿ ಕಾಣದಿದ್ದರೆ ಮಕ್ಕಳಿಗೆ ಬೇಜಾರು" ಎನ್ನುತ್ತಾರೆ. 1610ರ ಜನವರಿಯಲ್ಲಿ ಗೆಲಿಲಿಯೊ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನ ಕೊಳವೆಯಲ್ಲಿ. ನಮಗೆ ಹತ್ತಿರದ ಉದಾಹರಣೆಯೂ ಉಂಟು. 1689ರ ಡಿಸೆಂಬರ್‌ನಲ್ಲಿ ಪುದುಚೇರಿಯಲ್ಲಿ ಯೇಸುಸಭೆಯ ಗುರು ಝಾನ್ ರಿಶೊ ಧೂಮಕೇತುವೊಂದನ್ನು ನೋಡುತ್ತಿದ್ದಾಗ, ಆಲ್ಫಾ ಸೆಂಟಾರಿ ಒಂದಲ್ಲ, ಎರಡು ನಕ್ಷತ್ರ ಎಂದು ಕಂಡುಕೊಂಡರು. ಅದೇ ನಕ್ಷತ್ರ ಮೇ ತಿಂಗಳ ರಾತ್ರಿ ನಮ್ಮ ತಾಳವಾಡಿಯಲ್ಲೂ ದಕ್ಷಿಣದ ಬೆಟ್ಟದ ಸಾಲಿನ ಮೇಲೆ ತಗ್ಗಿನಲ್ಲಿ ಕಾಣುತ್ತದೆ. ನಾವು 70 ಪಟ್ಟಿನಲ್ಲಿ ನೋಡಿದೆವು, ಎರಡೂ ಬಿಡಿಬಿಡಿಯಾಗಿ ನಿಂತಿದ್ದವು. ಆ ರಾತ್ರಿ ಯಾರೂ ಬೇಜಾರಾಯಿತು ಅನ್ನಲಿಲ್ಲ.

"ಒಂದರ ಬೆಲೆಗೆ ಐದು ಸಿಗುತ್ತಲ್ಲ" ಎನ್ನುತ್ತಾರೆ. ಐದರಲ್ಲಿ ನಾವು ನಿಜವಾಗಿ ಬಳಸುವುದು ಎರಡು. ಬಣ್ಣದ ಫಿಲ್ಟರ್‌ಗಳು 76 ಮಿ.ಮೀ. ಕನ್ನಡಿಗೆ ದಂಡ, ಇರುವ ಬೆಳಕನ್ನೂ ಅವು ನುಂಗುತ್ತವೆ. ಹುಣ್ಣಿಮೆಯ ಚಂದ್ರ ಕಣ್ಣು ಕುಕ್ಕಿದರೆ, ಕೊಳವೆಯ ದೊಡ್ಡ ಮುಚ್ಚಳವನ್ನು ಹಾಗೇ ಬಿಟ್ಟು ಅದರೊಳಗಿನ ಸಣ್ಣ ಮುಚ್ಚಳವನ್ನಷ್ಟೇ ತೆಗೆದರೆ ಸಾಕು.

"ನಮ್ಮದು ಬಡ ಧರ್ಮಕೇಂದ್ರ, ಅಗ್ಗದ್ದೇ ಇರಲಿ" ಎನ್ನುತ್ತಾರೆ. ಈ ಮಾತಿಗೇ ನಮಗೆ ಹೆಚ್ಚು ಸಿಟ್ಟು. ಆಲೂಗಡ್ಡೆ, ಕೋಸು ಬೆಳೆದು, ಆನೆ ಕಾದು ರಾತ್ರಿಯೆಲ್ಲ ಕಾವಲಲ್ಲಿ ಕೂತ ಮನೆಗಳು ಕ್ಯಾರೊಲ್ ಡಬ್ಬಿಗೆ ಹಾಕಿದ ದುಡ್ಡು ಇದು. ಹಣವಿದ್ದವರು ಕೆಟ್ಟದ್ದನ್ನು ಕೊಂಡು ಬಿಸಾಕಿ ಮತ್ತೊಂದು ಕೊಳ್ಳಬಹುದು. ನಮಗೆ ಎರಡನೇ ಸಲ ಕೊಳ್ಳುವ ಶಕ್ತಿಯಿಲ್ಲ. ಆದ್ದರಿಂದಲೇ ಮೊದಲ ಸಲವೇ ಸರಿಯಾದದ್ದು ಬೇಕು.

ಇನ್ನೊಂದು ಮಾತು, ಇದು ಹಣದ ಮಾತಲ್ಲ. ನಮ್ಮ ಡಬ್ಬದಲ್ಲಿ ಸನ್ ಎಂದು ಬರೆದ ಕಪ್ಪು ಗಾಜಿನ ಚಿಕ್ಕ ಫಿಲ್ಟರ್ ಇತ್ತು. ಅಂಥದ್ದೇ ಒಂದು ಈ ಕಿಟ್‌ನ ಚಿತ್ರದಲ್ಲೂ ಇದೆ. ಅದನ್ನು ಐಪೀಸಿನ ಬುಡಕ್ಕೆ ತಿರುಗಿಸಿ ಸೂರ್ಯನನ್ನು ನೋಡಿ ಎನ್ನುತ್ತಾರೆ. ಕನ್ನಡಿ ಕೂಡಿಸಿದ ಬಿಸಿಲೆಲ್ಲ ಬಂದು ಸೇರುವುದೇ ಆ ಜಾಗಕ್ಕೆ. ಗಾಜು ಕಾದು ಸೀಳಿದರೆ ಅದರ ಹಿಂದೆ ಇರುವುದು ಒಂದು ಮಗುವಿನ ಕಣ್ಣು. ಕಣ್ಣಿನ ಒಳಪರದೆಗೆ ನೋವು ತಿಳಿಯುವುದಿಲ್ಲ, ಸುಟ್ಟದ್ದು ಗೊತ್ತಾಗುವುದು ಆಮೇಲೆ. ಸೂರ್ಯನ ಫಿಲ್ಟರ್ ಇರಬೇಕಾದದ್ದು ಕೊಳವೆಯ ಮುಂಬಾಯಿಗೆ, ಬೆಳಕು ಒಳಗೆ ಬರುವ ಮೊದಲೇ. ನಮ್ಮಲ್ಲಿದ್ದದ್ದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಡೆದೆವು. "ದಾನ ಕೊಟ್ಟದ್ದನ್ನು ಒಡೆಯೋದಾ?" ಎಂದು ಹಿರಿಯರೊಬ್ಬರು ನೊಂದುಕೊಂಡರು. ಅವರ ಮನಸ್ಸು ನೋಯಿಸಿದ್ದಕ್ಕೆ ಕ್ಷಮೆ ಕೇಳುತ್ತೇವೆ. ಒಡೆದದ್ದಕ್ಕೆ ಕೇಳುವುದಿಲ್ಲ. 2031ರ ಮೇ 21ರಂದು ಕೇರಳ, ತಮಿಳುನಾಡಿನ ಮೇಲೆ ಕಂಕಣ ಗ್ರಹಣ ಹಾದುಹೋಗಲಿದೆ. ಆ ಹೊತ್ತಿಗೆ ಇಂಥ ಫಿಲ್ಟರ್ ನಮ್ಮ ಕಪಾಟಿನಲ್ಲಿ ಒಂದೂ ಇರಬಾರದು.

ಹಾಗಾದರೆ ಏನು ಕೊಳ್ಳಬೇಕು? ಪ್ಲಾಸಲ್ ಎಂಬ ಜಾತಿಯ ಎರಡು ಐಪೀಸ್. ಒಂದು 25 ಮಿ.ಮೀ., ಇನ್ನೊಂದು 10 ಮಿ.ಮೀ. ಮೊದಲನೆಯದು 28 ಪಟ್ಟು ತೋರಿಸುತ್ತದೆ. ಇಡೀ ಚಂದ್ರ, ಇಡೀ ಕೃತ್ತಿಕೆ ಅದರಲ್ಲಿ ಹಿಡಿಯುತ್ತವೆ. ಕಣ್ಣನ್ನು ಗಾಜಿಗೆ ಒತ್ತಬೇಕಾಗಿಲ್ಲವಾದ್ದರಿಂದ ಕನ್ನಡಕದವರೂ ಆರಾಮಾಗಿ ನೋಡಬಹುದು. ಎರಡನೆಯದು 70 ಪಟ್ಟು, ಗುರು ಶನಿಗಳಿಗೆ. ಅದನ್ನು ನೋಡುವಾಗ ಬರೀ ಸಮೀಪದೃಷ್ಟಿ ಇರುವವರು ಕನ್ನಡಕ ತೆಗೆದು ಫೋಕಸ್ ತಿರುಗಿಸಿಕೊಂಡರೆ ಆಯಿತು. ಆ ರಾತ್ರಿ ನಮಗೆ ಇದು ಗೊತ್ತಿದ್ದಿದ್ದರೆ ಆ ಹುಡುಗ ಹಾಗೆ ಹೋಗುತ್ತಿರಲಿಲ್ಲ. ಬುಡದ ಅಗಲ ಒಂದೂಕಾಲು ಇಂಚು, ಅಂದರೆ 31.7 ಮಿ.ಮೀ., ಇರುವುದನ್ನೇ ತರಿಸಬೇಕು. ಕೆಲವು ಹಳೆಯ ಟೆಲಿಸ್ಕೋಪುಗಳಿಗೆ 24.5 ಮಿ.ಮೀ. ಬುಡದವು ಬರುತ್ತಿದ್ದವು, ಅವು ನಮ್ಮದಕ್ಕೆ ಕೂರುವುದಿಲ್ಲ. ನಾವು ವಿಚಾರಿಸಿದ್ದೇವೆ, ನಾಲ್ಕು ಸಾವಿರದೊಳಗೆ ಎರಡೂ ಬರುತ್ತವೆ. ಮುಂದೊಂದು ದಿನ ಹಣ ಕೂಡಿದರೆ ಎರಡು ಪಟ್ಟಿನ ಬಾರ್ಲೋ ತರೋಣ. ಆಗ 10 ಮಿ.ಮೀ. ಐಪೀಸ್ 140 ಪಟ್ಟು ಕೊಡುತ್ತದೆ, ಮಿತಿಯೊಳಗೇ.

ಉಳಿದದ್ದಕ್ಕೆ ದುಡ್ಡು ಬೇಡ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ, ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ ಅರ್ಧ ಗಂಟೆ ಬೇಕು, ಒಂದು ಫೋನಿನ ಬಿಳಿ ಬೆಳಕು ಅದನ್ನು ಕೆಡಿಸುತ್ತದೆ. ಅಲ್ಲಾಡುವ ಮೂರುಕಾಲಿನ ನಡುವೆ ಒಂದು ಕ್ಯಾನು ನೀರು ತೂಗುಹಾಕಿ. ಹಗಲಲ್ಲೇ ದೂರದ ಮೊಬೈಲ್ ಟವರ್ ನೋಡಿ ಫೈಂಡರ್ ಸರಿಮಾಡಿಟ್ಟುಕೊಳ್ಳಿ. ಆನೆ ಓಡಾಟದ ಸುದ್ದಿ ಇದ್ದ ದಿನ ದೇವಾಲಯದ ಅಂಗಳ ಬಿಟ್ಟು ಹೊಲದ ಕಡೆ ಹೋಗಬೇಡಿ.

ಭಾನುವಾರ ಬನ್ನಿ. ಕಿಟ್ ಬೇಕೆನ್ನುವವರೂ ಬಂದು ವಾದ ಮಾಡಿ. ಆದರೆ ಕೈ ಎತ್ತುವ ಮೊದಲು ಶನಿವಾರ ರಾತ್ರಿ ಎಂಟಕ್ಕೆ ಅಂಗಳದಲ್ಲಿ ನಿಂತು, ನಮ್ಮ ಹಳೆಯ 20 ಮಿ.ಮೀ. ಐಪೀಸಿನಲ್ಲಿ ಒಮ್ಮೆ, ಆ 525 ಪಟ್ಟಿನಲ್ಲಿ ಒಮ್ಮೆ, ನಿಮ್ಮ ಕಣ್ಣಿಂದಲೇ ನೋಡಿ. ಆ ಹುಡುಗನನ್ನೂ ಕರೆದಿದ್ದೇವೆ. ಈ ಸಲ ಮೊದಲ ಸರದಿ ಅವನದು.