ಡಬ್ಬಿಯ ಹಿಂಬದಿಯನ್ನು ಓದಿರಿ



ಸಾಬೂನು, ಕ್ರೀಮುಗಳ ಮಾತಿಗೆ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಸ್ಥಳವುಂಟೇ ಎಂದು ಕೆಲವರು ಕೇಳಬಹುದು. ಆದರೆ ಈ ಮುಂಬಯಿ ನಗರದಲ್ಲಿ ರೈಲಿನ ಡಬ್ಬಿಯಿಂದ ಹಿಡಿದು ಕೈಯಲ್ಲಿನ ಮೊಬೈಲಿನವರೆಗೆ ಎತ್ತ ನೋಡಿದರೂ ಕಾಂತಿಯನ್ನು ಮಾರುವ ಜಾಹೀರಾತುಗಳೇ. ನಿಮ್ಮ ಕೈಖರ್ಚಿನ ಹಣದಲ್ಲಿ ಒಂದು ಪಾಲು ಅವುಗಳಿಗೆ ಸಲ್ಲುತ್ತಿದೆ. ಹಣ ನಿಮ್ಮದು, ಚರ್ಮವೂ ನಿಮ್ಮದೇ. ಹೀಗಿರಲು ಈ ವಸ್ತುಗಳನ್ನು ಯಾವ ಆಧಾರದ ಮೇಲೆ ಆರಿಸತಕ್ಕದ್ದು ಎಂಬುದು ವಿಚಾರಾರ್ಹವಾದ ಪ್ರಶ್ನೆ. ನನ್ನ ಅಭಿಪ್ರಾಯ ಇಷ್ಟೇ: ಡಬ್ಬಿಯ ಮುಂಬದಿಯಲ್ಲಿರುವುದು ವ್ಯಾಪಾರಿ ತಾನಾಗಿ ಆಡುವ ಮಾತು, ಹಿಂಬದಿಯಲ್ಲಿರುವುದು ಕಾನೂನು ಅವನಿಂದ ಆಡಿಸುವ ಮಾತು. ಈ ಎರಡನೆಯದನ್ನು ಓದಿ ಆರಿಸುವುದೇ ಲೇಸು.

ನಮ್ಮ ದೇಶದ ೨೦೨೦ರ ಪ್ರಸಾಧನ ನಿಯಮಗಳ ಪ್ರಕಾರ, ತಯಾರಕನು ತನ್ನ ವಸ್ತುವಿನಲ್ಲಿರುವ ದ್ರವ್ಯಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅತ್ಯಧಿಕವಾಗಿರುವುದು ಮೊದಲು, ಅದಕ್ಕಿಂತ ಕಡಿಮೆಯಿರುವುದು ಅನಂತರ. ನೂರಕ್ಕೆ ೧ ಅಥವಾ ಅದಕ್ಕೂ ಕಡಿಮೆ ಇರುವವುಗಳನ್ನು ಮಾತ್ರ ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಈ ಒಂದು ನಿಯಮವನ್ನು ತಿಳಿದವನಿಗೆ ಅನೇಕ ಗುಟ್ಟುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಮುಂಬದಿಯಲ್ಲಿ ಕೇಸರಿ, ಬಾದಾಮಿಗಳ ಮನೋಹರ ಚಿತ್ರವಿದ್ದು, ಹಿಂಬದಿಯಲ್ಲಿ ಅವು ಸುಗಂಧದ್ರವ್ಯಕ್ಕಿಂತಲೂ ಕೆಳಗಿದ್ದರೆ, ನೀವು ಹಣ ತೆರುತ್ತಿರುವುದು ಬಹುಮಟ್ಟಿಗೆ ಚಿತ್ರಕ್ಕೇ ಎಂದು ತಿಳಿಯಬಹುದು. ಕೆಲವು ದ್ರವ್ಯಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಗುಣ ತೋರುವುದುಂಟು, ನಿಜ. ಆದರೆ ಚಿತ್ರದಲ್ಲಿ ಮೆರೆಯುವ ಪ್ರತಿಯೊಂದು ಹೂವಿಗೂ ಆ ಶಕ್ತಿಯಿದೆಯೆಂದು ನಂಬಲು ಕಾರಣವಿಲ್ಲ.

"ಆ ಹೆಸರುಗಳು ನಮಗೆ ಅರ್ಥವಾಗುವುದಿಲ್ಲ; ನಾವು ಕನ್ನಡ ಮಾಧ್ಯಮದವರು" ಎಂದು ನೀವು ಹಿಂಜರಿಯಬೇಕಾಗಿಲ್ಲ. ಅವು ಇಂಗ್ಲಿಷ್ ಮಾಧ್ಯಮದವರಿಗೂ ಅಷ್ಟೇ ಅಪರಿಚಿತ. ಆಕ್ವಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ನೀರು. ಬಹುತೇಕ ಕ್ರೀಮುಗಳ ಪಟ್ಟಿಯಲ್ಲಿ ಮೊದಲು ಬರುವುದು ಅದೇ. ಕೋಕೋಸ್ ನ್ಯೂಸಿಫೆರಾ ನಮ್ಮ ತೆಂಗು; ಕರ್ಕ್ಯುಮಾ ಲಾಂಗಾ ಅರಿಸಿನ; ಸ್ಯಾಂಟಲಮ್ ಆಲ್ಬಮ್ ಶ್ರೀಗಂಧ. ಗ್ಲಿಸರಿನ್ ತೇವವನ್ನು ಹಿಡಿದಿಡುತ್ತದೆ. ಪೆಟ್ರೋಲೇಟಮ್ ಎಂಬುದು ಪೆಟ್ರೋಲಿಯಂ ಜೆಲ್ಲಿ. ಅದು ಚರ್ಮದ ಮೇಲೆ ಪದರವಾಗಿ ನಿಂತು ತೇವ ಆರದಂತೆ ತಡೆಯುತ್ತದೆ. ಇವೆರಡೂ ಅಗ್ಗದ ವಸ್ತುಗಳು. ಒಣಚರ್ಮಕ್ಕೆ ಬೇಕಾದ ಮುಖ್ಯ ಕೆಲಸವನ್ನು ಇವೇ ಮಾಡುತ್ತಿರುವಾಗ, ಇವೇ ಇರುವ ದುಬಾರಿ ಡಬ್ಬಿಗೆ ಹಲವು ಪಟ್ಟು ಬೆಲೆ ಕೊಡುವುದೇಕೆ?

ಸಾಬೂನಿಗೆ ಇನ್ನೊಂದು ಅಳತೆಗೋಲಿದೆ. ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂಬ ಮೂರು ಅಕ್ಷರಗಳನ್ನು ಹುಡುಕಿರಿ. ಅದು ಸಾಬೂನಿನಲ್ಲಿರುವ ಒಟ್ಟು ಕೊಬ್ಬಿನಂಶದ ಲೆಕ್ಕ. ಭಾರತೀಯ ಮಾನಕದಂತೆ ಟಾಯ್ಲೆಟ್ ಸೋಪಿನ ಮೊದಲ ದರ್ಜೆಗೆ ಅದು ನೂರಕ್ಕೆ ೭೬, ಎರಡನೆಯದಕ್ಕೆ ೭೦, ಮೂರನೆಯದಕ್ಕೆ ೬೦ಕ್ಕೆ ಕಡಿಮೆಯಿರಬಾರದು. ಹಾಗೆಂದು ಉತ್ತಮ ದರ್ಜೆಯ ಸಾಬೂನು ಎಲ್ಲರ ಮುಖಕ್ಕೂ ಒಗ್ಗುತ್ತದೆಯೆಂದಲ್ಲ. ಸಾಬೂನು ಕ್ಷಾರೀಯ, ಚರ್ಮದ ಮೇಲ್ಮೈ ತುಸು ಆಮ್ಲೀಯ. ಪದೇ ಪದೇ ತೊಳೆದರೆ ಮುಖ ಒಣಗುವುದು ಸಹಜ.

ಇನ್ನು ಬಿಳುಪಿನ ವಿಷಯ. ೧೯೭೫ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಎಂಬ ಕ್ರೀಮು ೨೦೨೦ರಲ್ಲಿ ತನ್ನ ಹೆಸರಿನಿಂದ 'ಫೇರ್' ಶಬ್ದವನ್ನು ಕೈಬಿಟ್ಟು ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾದರೂ ಸಮಾಜದ ಮನಸ್ಸಿನಲ್ಲಿ ಬಿಳುಪಿನ ಹಂಬಲ ಅಳಿದಿಲ್ಲ. ಈ ಹಂಬಲವೇ ಅಪಾಯದ ಬಾಗಿಲು. ಕಳ್ಳಮಾರ್ಗದಿಂದ ಬರುವ ಕೆಲವು ಕ್ರೀಮುಗಳಲ್ಲಿ ಪಾದರಸವಿರುತ್ತದೆ. ಅದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಉತ್ಪತ್ತಿಯನ್ನು ಕುಗ್ಗಿಸುತ್ತದೆ. ಜೊತೆಗೆ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚುತ್ತಿದ್ದ ಹಲವರಲ್ಲಿ ಮೂತ್ರಪಿಂಡದ ರೋಗವನ್ನು ವೈದ್ಯರು ಕಂಡುಹಿಡಿದ ಸುದ್ದಿ ೨೦೨೩ರಲ್ಲಿ ಪ್ರಕಟವಾಯಿತು. ಪಾದರಸ ಬೆರೆಸಿ ಪ್ರಸಾಧನ ತಯಾರಿಸುವುದು ನಮ್ಮಲ್ಲಿ ನಿಷಿದ್ಧ. ಆದುದರಿಂದಲೇ ಅದನ್ನು ಬೆರೆಸುವವನು ಪಟ್ಟಿಯಲ್ಲಿ ಅದರ ಹೆಸರು ಬರೆಯುವುದಿಲ್ಲ. ಪಟ್ಟಿಯನ್ನು ನಂಬುವ ಮೊದಲು ಪಟ್ಟಿ ಬರೆದವನ ವಿಳಾಸವನ್ನು ನೋಡಬೇಕು ಎನ್ನುವುದು ಇದಕ್ಕಾಗಿಯೇ. ತಯಾರಕನ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿಯ ದಿನಾಂಕ ಇವಿಲ್ಲದ ಡಬ್ಬಿಯನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿರಿ.

ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರು ಕಂಡರೂ ನಿಲ್ಲಿರಿ. ಇವು ಸ್ಟಿರಾಯ್ಡ್ ಔಷಧಗಳು. ವೈದ್ಯರು ಹೇಳಿದಷ್ಟೇ ದಿನ ಬಳಸತಕ್ಕವು. ಗೆಳತಿ ಹೇಳಿದಳೆಂದು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ, ಮೊಡವೆಗಳು ಹೆಚ್ಚಿ, ಬಿಟ್ಟೊಡನೆ ಮುಖ ಉರಿಯತೊಡಗುತ್ತದೆ.

"ಹಾಗಾದರೆ ಮನೆಯ ಮದ್ದೇ ಮೇಲಲ್ಲವೇ?" ಎಂಬ ಪ್ರಶ್ನೆ ಬರಬಹುದು. ಅಜ್ಜಿಯ ಕಡಲೆಹಿಟ್ಟಿನ ಬಗ್ಗೆ ನನಗೂ ಗೌರವವಿದೆ. ಆದರೆ ನಿಸರ್ಗದಿಂದ ಬಂದದ್ದೆಲ್ಲವೂ ನಿರಪಾಯಕಾರಿಯಲ್ಲ. ನಿಂಬೆಯ ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂಥ ಕಲೆಗಳು ಏಳಬಹುದು. ಕಾರ್ಖಾನೆಯದಾಗಲಿ, ಅಡಿಗೆಮನೆಯದಾಗಲಿ, ಹೊಸದನ್ನು ಮೊದಲು ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ಕೆಲವು ದಿನ ನೋಡಿ, ತುರಿಕೆ ಕೆಂಪುಗಳು ಬಾರದಿದ್ದರೆ ಮಾತ್ರ ಮುಖಕ್ಕೆ ಬಳಸುವುದು ವಿವೇಕ.

ಕಪ್ಪು ಬಣ್ಣ ರೋಗವಲ್ಲ. ಆದ್ದರಿಂದ ಅದಕ್ಕೆ ಔಷಧವೂ ಬೇಕಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಿಂದ ನಮ್ಮನ್ನು ಕಾಯುವುದು ಆ ಮೆಲನಿನ್ನೇ. ಚರ್ಮಕ್ಕೆ ಬೇಕಾದದ್ದು ಶುಚಿತ್ವ, ತೇವ, ಬಿಸಿಲಿನಿಂದ ರಕ್ಷಣೆ. ಇವನ್ನು ಕೊಡುವ ವಸ್ತು ದುಬಾರಿಯಾಗಿರಬೇಕಿಲ್ಲ.

ಕೊನೆಯದಾಗಿ ಒಂದು ಸೂಚನೆ. ಮುಂದಿನ ವರ್ಷ ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಖಾಲಿ ಡಬ್ಬಿಯನ್ನು ವಿಜ್ಞಾನದ ತರಗತಿಗೆ ತರಲಿ. ಒಂದು ಪಿರಿಯಡ್ ಅದರ ಹಿಂಬದಿಯನ್ನು ಓದುವುದಕ್ಕೆ ಮೀಸಲಾಗಲಿ. ಪ್ರತಿಯೊಂದು ದ್ರವ್ಯಕ್ಕೂ ಕನ್ನಡದಲ್ಲಿ ಒಂದು ಸಾಲಿನ ವಿವರಣೆ ಬರೆದು ಗೋಡೆಪತ್ರಿಕೆಗೆ ಅಂಟಿಸೋಣ. ಅಷ್ಟು ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ್ದನ್ನು ಓದಲು ಭೂತಗನ್ನಡಿ ಬೇಕಾದೀತು. ಅದು ನಮ್ಮ ಪ್ರಯೋಗಶಾಲೆಯಲ್ಲಿದೆ.