ನಾಯಿಯ ನಿಷ್ಠೆಯೂ ಒಡೆಯನ ಋಣವೂ

ನಾಯಿಯ ಸ್ವಾಮಿಭಕ್ತಿಯನ್ನು ಕೊಂಡಾಡದವರು ವಿರಳ. ಶಾಲೆಯ ಬಾಲಕನ ಪ್ರಬಂಧದಿಂದ ಮೊದಲ್ಗೊಂಡು ಜಗಲಿಯ ಮೇಲಣ ವೃದ್ಧರ ಹರಟೆಯವರೆಗೆ ಈ ಸ್ತುತಿಯು ಎಡೆಬಿಡದೆ ನಡೆದು ಬಂದಿರುವುದು. ಆದರೆ ಸ್ವಾಮಿಗೆ ನಾಯಿಯ ವಿಷಯದಲ್ಲಿ ಇರತಕ್ಕ ಭಕ್ತಿ ಯಾವುದೆಂದು ವಿಚಾರಿಸುವವರು ಎಷ್ಟು ಮಂದಿ? ಒಂದು ಪಕ್ಷವು ಕೊಡುತ್ತಲೇ ಇದ್ದು ಇನ್ನೊಂದು ಪಕ್ಷವು ಹೊಗಳುತ್ತಲೇ ಇದ್ದರೆ ಅದು ಸ್ನೇಹವಲ್ಲ, ಸುಲಿಗೆ.

ಕನ್ನಡ ನಾಡಿನ ಹಿಂದಿನವರು ಈ ಋಣವನ್ನು ಅರಿಯದವರಾಗಿರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವೇ ಇದಕ್ಕೆ ಸಾಕ್ಷಿ. ಅದರ ಕಾಲ ಶಕವರ್ಷ 872, ಎಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾದಾಗ ಗಂಗರ ಬೂತುಗನ ಕಡೆಯ ಮಣಲೆರನು ಪರಾಕ್ರಮದಿಂದ ಕಾದಿದನು. ಮೆಚ್ಚಿದ ಅರಸನು ಬೇಕಾದುದನ್ನು ಬೇಡೆನ್ನಲು ಅವನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿಯು ಕಾಡುಹಂದಿಯೊಡನೆ ಹೋರಾಡಿತು; ಎರಡೂ ಒಟ್ಟಿಗೆ ಸತ್ತುವು. ಮಣಲೆರನು ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲನ್ನು ನೆಡಿಸಿ, ಅದಕ್ಕೆ ಭೂಮಿಯನ್ನು ಬಿಟ್ಟು, ಕಲ್ಲನ್ನು ಪೂಜಿಸದೆ ಗೊರವನು ಉಣ್ಣಬಾರದೆಂದು ಕಟ್ಟುಮಾಡಿದನು. ಬೇಟೆಯು ಕ್ರೌರ್ಯವೆಂದು ಇಂದಿನವರು ಆಕ್ಷೇಪಿಸಬಹುದು; ಆಕ್ಷೇಪವು ಯುಕ್ತವೇ. ಆದರೂ ತನಗಾಗಿ ಸತ್ತ ನಾಯಿಗೆ ತಾನು ಋಣಿಯೆಂಬುದನ್ನು ಆ ಒಡೆಯನು ಮರೆಯಲಿಲ್ಲ.

ಇಂದಿನ ಪಟ್ಟಣದ ಒಡೆಯನ ರೀತಿಯೇ ಬೇರೆ. ಹಿಮ ಸುರಿಯುವ ದೇಶಕ್ಕೆ ತಕ್ಕ ದಟ್ಟ ರೋಮದ ಮರಿಯನ್ನು ಅವನು ಹಣ ಕೊಟ್ಟು ತರುವನು. ನೆರೆಹೊರೆಯವರಿಗೆ ತೋರಿಸಿ ಹಿಗ್ಗುವನು. ನಾಲ್ಕು ತಿಂಗಳಲ್ಲಿ ಬೇಸರವಾಗಲು ಬಾಗಿಲ ಬಳಿ ಮೊಳದುದ್ದದ ಸರಪಣಿಯಲ್ಲಿ ಕಟ್ಟಿಹಾಕುವನು. ಅದು ಹಗಲೆಲ್ಲ ಬಿಸಿಲಿನಲ್ಲಿ ಏದುತ್ತ, ಇರುಳೆಲ್ಲ ಬೊಗಳುತ್ತ ಇದ್ದರೆ "ಒಳ್ಳೆಯ ಕಾವಲು" ಎನ್ನುವನು. ಮುಪ್ಪು ಬಂದು ಮೈಗೆ ಕಜ್ಜಿ ಹತ್ತಿದೊಡನೆ ಊರ ಹೊರಗೆ ಬಿಟ್ಟುಬರುವನು. ಬಿಟ್ಟವನನ್ನು ಹುಡುಕಿಕೊಂಡು ಆ ನಾಯಿ ಮರಳಿ ಬಂದರೆ, ಅದರ ನಿಷ್ಠೆಗೆ ಇನ್ನೊಂದು ಕಥೆ ದೊರಕಿತೆಂದು ಹೇಳಿಕೊಳ್ಳಲೂ ಅವನಿಗೆ ನಾಚಿಕೆಯಿಲ್ಲ!

"ಅನ್ನ ಹಾಕುತ್ತೇವಲ್ಲ, ಇನ್ನೇನು ಬೇಕು?" ಎಂದು ಕೇಳುವವರಿಗೆ 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯೇ ಉತ್ತರ ಹೇಳುವುದು. ಸದಾ ಕಟ್ಟಿಹಾಕಿದ ನಾಯಿಯನ್ನು ತಕ್ಕಮಟ್ಟಿಗೆ ಅಡ್ಡಾಡಿಸದಿರುವುದೂ, ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ನಿಷ್ಕಾರಣವಾಗಿ ತೊರೆಯುವುದೂ ಅದರ 11ನೆಯ ಕಲಮಿನಂತೆ ಅಪರಾಧಗಳು. ಆದರೆ ಮೊದಲ ತಪ್ಪಿಗೆ ಅದು ಗೊತ್ತುಮಾಡಿದ ದಂಡವು 10 ರೂಪಾಯಿಗೆ ಕಡಿಮೆಯಿಲ್ಲದೆ 50 ರೂಪಾಯಿಗೆ ಮೀರದೆ ಇರತಕ್ಕದ್ದು. ಮರಿಗೆ ಸಾವಿರಗಟ್ಟಲೆ ತೆತ್ತವನನ್ನು ಇಷ್ಟು ದಂಡವು ತಡೆದೀತೇ? ಆದುದರಿಂದ ಕಾಯಿದೆಯು ಹೇಳಿದ ಧರ್ಮವನ್ನು ಮನೆಯವರ ಮನಸ್ಸಾಕ್ಷಿಯೇ ಕಾಯಬೇಕಾಗಿದೆ.

"ಮನುಷ್ಯರೇ ಹಸಿದಿರುವಾಗ ನಾಯಿಯ ಚಿಂತೆ ಏಕೆ?" ಎಂಬುದು ಮತ್ತೊಂದು ವಾದ. ನಾಯಿಯನ್ನು ಸಾಕೆಂದು ಯಾರೂ ಯಾರನ್ನೂ ಬಲಾತ್ಕರಿಸಿಲ್ಲ. ಸಾಕದಿರುವವನ ಮೇಲೆ ದೋಷವಿಲ್ಲ. ಸಾಕುವೆನೆಂದು ತಾಯಿಯ ಮಗ್ಗುಲಿನಿಂದ ಮರಿಯನ್ನು ಎತ್ತಿ ತಂದವನು ಮಾತ್ರ ಕಟ್ಟುಬಿದ್ದವನು. ಅಲ್ಲದೆ ಬೀದಿಗೆ ಬಿಟ್ಟ ನಾಯಿಯ ಕಡಿತಕ್ಕೆ ಈಡಾಗುವವರು ಕೂಡ ಮನುಷ್ಯರೇ. ಬಹುಮಟ್ಟಿಗೆ ಬಡವರ ಮಕ್ಕಳು.

ಮಹಾಭಾರತದ ಕಡೆಯಲ್ಲಿ ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗವನ್ನೇರಲು ಒಪ್ಪಲಿಲ್ಲ. ಪಟ್ಟಣದ ಒಡೆಯನು ಬಿಡಬೇಕಾದುದು ಸ್ವರ್ಗವನ್ನಲ್ಲ. ದಿನಕ್ಕೆ ಒಂದು ಗಳಿಗೆಯ ಸೋಮಾರಿತನವನ್ನು. ಅಷ್ಟನ್ನೂ ಬಿಡಲಾರದವನು ಸರಪಣಿಯನ್ನು ಕೊಳ್ಳದಿರಲಿ. ನಾಯಿಯ ನಿಷ್ಠೆಯನ್ನು ಹೊಗಳುವುದನ್ನೂ ನಿಲ್ಲಿಸಲಿ.